ಭಾಲ್ಕಿ ದವಾಖಾನೆಯ ಉರ್ದು ಚೀಟಿಗಳು

ನನ್ನ ಮೊಮ್ಮಗಳು ಬೀದರ ಹತ್ತಿರದ ಕೊಳಾರದ ಔಷಧ ಕಾರ್ಖಾನೆಗೆ ಸೇರಿದ್ದಾಳೆ. ಅವಳ ಜೊತೆ ಓದಿದ ನಾಲ್ಕೈದು ಮಕ್ಕಳು ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಕೊಡುವ ಕೆಲಸಕ್ಕೆ ಹೋಗುತ್ತಿದ್ದಾರೆ. ಒಂದು ಭಾನುವಾರ ಎಲ್ಲರೂ ಮನೆಗೆ ಬಂದಿದ್ದರು. "ಮುತ್ಯಾ, ನೀವು ಕಂಪೌಂಡರ್ ಇದ್ದಾಗ ಹ್ಯಾಂಗ ನಡೀತಿತ್ರಿ? ಒಂದಿಷ್ಟು ಬರದು ಕೊಡ್ರಿ" ಎಂದರು. ಯಾವ ವರ್ಷ ಯಾವ ದರ್ಜೆಗೆ ಏರಿದೆ, ಬೀಳ್ಕೊಡುಗೆಯ ದಿನ ಯಾರು ಹಾರ ಹಾಕಿದರು ಎಂಬುದರಿಂದ ಅವರಿಗೆ ಪ್ರಯೋಜನವಿಲ್ಲ. ನನಗೂ ಅದು ಸರಿಯಾಗಿ ನೆನಪಿಲ್ಲ. ನೆನಪಿರುವುದು ಕೆಲಸದ ಮೊದಲ ಕೆಲವು ವರ್ಷಗಳು. ಅವು ಓದಲು ಹಿತವಾದವಲ್ಲ. ಆದರೂ ಬರೆಯುತ್ತೇನೆ. ಔಷಧದ ಬಾಟಲಿ ಹಿಡಿಯುವ ಕೈಗೆ ಇವು ಗೊತ್ತಿರಬೇಕು.

ನಮ್ಮೂರು ಮನ್ನಳ್ಳಿ. ಅಪ್ಪನಿಗೆ ಕಿರಾಣಿ ಅಂಗಡಿ ಇತ್ತು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಅರ್ಧ ತೆಲುಗು, ಕಚೇರಿಯಲ್ಲಿ ಉರ್ದು. ಬೀದರಿನ ಸಾಲೆಯಲ್ಲಿ ನಾನು ಓದಿದ್ದೆಲ್ಲ ಉರ್ದುವಿನಲ್ಲೇ. ನಿಜಾಮರ ರಾಜ್ಯದಲ್ಲಿ ಬೇರೆ ದಾರಿ ಇರಲಿಲ್ಲ. ಕೈಬರಹ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಭಾಲ್ಕಿಯ ಸರ್ಕಾರಿ ದವಾಖಾನೆಯಲ್ಲಿ ನನ್ನನ್ನು ತೆಗೆದುಕೊಂಡರು. ಅಲ್ಲಿನ ಡಾಕ್ಟರ್ ವಹೀದುದ್ದೀನ್ ಸಾಹೇಬರು. ತೆಳ್ಳಗೆ, ಉದ್ದಕ್ಕೆ ಇದ್ದರು. ಶೇರ್ವಾನಿಯ ತೋಳನ್ನು ಮೊಣಕೈವರೆಗೆ ಮಡಚಿ ಕೆಲಸ ಮಾಡುವರು. ಹೈದರಾಬಾದು ಶಹರದವರು. ಇಂಗ್ಲಿಷ್ ಔಷಧ ಕೊಡುವ ಡಾಕ್ಟರು, ಆದರೆ ಅದನ್ನು ಅವರು ಕಲಿತದ್ದು ಉರ್ದುವಿನಲ್ಲಿ. ಈಗಿನ ಮಕ್ಕಳು ಇದನ್ನು ನಂಬುವುದಿಲ್ಲ. ಹೈದರಾಬಾದಿನಲ್ಲಿ ಆಗ ಹೆಣ ಕೊಯ್ಯುವುದರಿಂದ ಹಿಡಿದು ಹೆರಿಗೆ ಮಾಡಿಸುವವರೆಗೆ ಎಲ್ಲವನ್ನೂ ಉರ್ದುವಿನಲ್ಲಿ ಕಲಿಸುತ್ತಿದ್ದರು. ವಿಲಾಯಿತಿ ಪುಸ್ತಕಗಳನ್ನು ಉರ್ದುವಿಗೆ ತರುವುದಕ್ಕೆಂದೇ ಒಂದು ಕಚೇರಿ ಇತ್ತಂತೆ. ಅಪಧಮನಿಗೆ ಶಿರಿಯಾನ್, ಅಭಿಧಮನಿಗೆ ವರೀದ್.

ಸಾಹೇಬರಿಗೆ ಇದರ ಮೇಲೆ ಬಹಳ ಹೆಮ್ಮೆ. ಬ್ರಿಟಿಷ್ ಇಂಡಿಯಾದಲ್ಲಿ ಕಲಿತ ಡಾಕ್ಟರುಗಳ ಮಾತು ಬಂದರೆ ನಗುವರು. "ಅವರು ಅಂಗ್ರೇಜರ ನಾಲಿಗಿ ಕಡ ತಂದು ಮಾತಾಡ್ತಾರ. ನಾವು ಅವರ ವಿದ್ಯಾ ತಗೊಂಡೀವಿ, ನಾಲಿಗಿ ನಮ್ಮದೇ ಇಟ್ಕೊಂಡೀವಿ" ಎನ್ನುವರು. ಈ ಮಾತನ್ನು ಅವರು ಹೇಳಿದ್ದು ದಖನಿ ಉರ್ದುವಿನಲ್ಲಿ, ನಾನು ಕನ್ನಡ ಮಾಡಿದ್ದೇನೆ. ಮೊದಮೊದಲು ಅವರಿಗೆ ಕನ್ನಡ ಬರುತ್ತಿರಲಿಲ್ಲ. ರೋಗಿ ಹೇಳಿದ್ದನ್ನು ನಾನು ಅಥವಾ ಚಪ್ರಾಸಿ ಇಮಾಮಸಾಬ್ ತಿಳಿಸಿ ಹೇಳಬೇಕಿತ್ತು. ಇಮಾಮಸಾಬ್ ಭಾಲ್ಕಿಯವನೇ, ಅರವತ್ತು ದಾಟಿದ ಮುದುಕ. ಬಾವಿಯಿಂದ ನೀರು ತರುವುದು, ಗಾಯದ ಪಟ್ಟಿ ಕುದಿಸುವುದು, ಗದ್ದಲ ಮಾಡುವವರನ್ನು ಬೈಯುವುದು ಅವನ ಕೆಲಸ. ಬೈಗುಳವೆಲ್ಲ ಅಚ್ಚ ಕನ್ನಡದಲ್ಲಿ.

ನನ್ನ ಕೆಲಸ ಔಷಧ ಕಲಸುವುದು ಮತ್ತು ಚೀಟಿ ಬರೆದು ಅಂಟಿಸುವುದು. ಈಗಿನ ಹಾಗೆ ಗುಳಿಗೆಯ ಪಟ್ಟಿ ಹರಿದು ಕೊಡುವುದಿರಲಿಲ್ಲ. ಎಲ್ಲವನ್ನೂ ತೂಗಿ, ಅರೆದು, ಅಳೆದು ನಾವೇ ಮಾಡಬೇಕು. ಬಾಟಲಿಯ ಪಕ್ಕಕ್ಕೆ ಒಂದು ಕಾಗದದ ಪಟ್ಟಿಯನ್ನು ಹಲ್ಲು ಹಲ್ಲಾಗಿ ಕತ್ತರಿಸಿ ಅಂಟಿಸುತ್ತಿದ್ದೆವು. ಒಂದು ಹಲ್ಲು ಎಂದರೆ ಒಂದು ಸಲ ಕುಡಿಯುವಷ್ಟು. ಓದು ಬಾರದವರಿಗೆ ಅದೇ ಗುರುತು. ದೊಡ್ಡ ಬಾಟಲಿಗಳ ಮೇಲೆ ಉರ್ದು ಹೆಸರು, ವಿಷದ ಕಪಾಟಿನ ಬಾಟಲಿಗಳ ಮೇಲೆ ಕೆಂಪು ಶಾಯಿಯಲ್ಲಿ 'ಜಹರ್'. ಅಷ್ಟನ್ನೂ ನಾನೇ ಬರೆದದ್ದು. ಸಾಹೇಬರು ಪಕ್ಕದಲ್ಲಿ ಕೂತು ಔಷಧಗಳ ಉರ್ದು ಹೆಸರು, ಹೆಣ ಕೊಯ್ದು ನೋಡಿ ಬರೆಯುವ ಕಾಗದದಲ್ಲಿ ಬರುವ ಕಠಿಣ ಶಬ್ದಗಳು, ಎಲ್ಲವನ್ನೂ ಒಂದೊಂದಾಗಿ ಓದಿಸಿ, ಬರೆಯಿಸಿ ಕಲಿಸಿದರು.

ಒಮ್ಮೆ ತಪಾಸಣೆಗೆ ಇಂಗ್ಲಿಷ್ ಅಧಿಕಾರಿಯೊಬ್ಬ ಬಂದ. ಬಹಳ ವರ್ಷ ದಖನಿನಲ್ಲಿದ್ದವನು. ಸಾಹೇಬರು ಬೇಕೆಂದೇ ಒಂದು ಅಕ್ಷರ ಇಂಗ್ಲಿಷ್ ಆಡಲಿಲ್ಲ. ಅವನು ರಜಿಸ್ಟರ್ ತೆರೆದು ನನ್ನ ಉರ್ದುವನ್ನು ಸರಸರ ಓದಿ, ಕೈಬರಹ ಚೆನ್ನಾಗಿದೆ ಎಂದು ಉರ್ದುವಿನಲ್ಲೇ ಹೇಳಿ ಹೋದ. ಸಾಹೇಬರು ದಿನವಿಡೀ ಮುಖ ಬಿಗಿದುಕೊಂಡಿದ್ದರು. ಅವನು ಓದಲಾರದೆ ತಡವರಿಸುತ್ತಾನೆ ಎಂದು ಕಾದಿದ್ದರು ಅಂತ ಕಾಣುತ್ತದೆ.

ನನ್ನ ಮೊದಲ ದೊಡ್ಡ ತಪ್ಪು ಔರಾದ ಕಡೆಯ ಡಾಬಕಾದಲ್ಲಿ ಆಯಿತು. ಅಲ್ಲಿ ವಾಂತಿಭೇದಿ ಹಬ್ಬಿತ್ತು. ಸಾಹೇಬರು ಬೇರೆ ಊರಿಗೆ ಹೋಗಬೇಕಿದ್ದರಿಂದ ನನ್ನನ್ನು ಚಕ್ಕಡಿಯಲ್ಲಿ ಮುಂದೆ ಕಳಿಸಿದರು. ಬಾವಿಗೆ ಪೊಟ್ಯಾಷ್ ಹಾಕು, ನೀರಿನಲ್ಲಿನ ರೋಗದ ಹುಳು ಸಾಯುತ್ತವೆ, ನಾನು ನಾಳಿದ್ದು ಬರುತ್ತೇನೆ ಎಂದಿದ್ದರು. ನಾನು ಊರಿಗೆ ಮುಟ್ಟಿದಾಗ ಮಧ್ಯಾಹ್ನ. ಹೆಣ ಸುಡಲು ಹೋದವರು ಇನ್ನೂ ತಿರುಗಿ ಬಂದಿರಲಿಲ್ಲ, ಬಾವಿಯ ಹತ್ತಿರ ಯಾರೂ ಇರಲಿಲ್ಲ. ಯಾರನ್ನು ಕೇಳುವುದು, ಹೇಳಿದರೆ ಇವರಿಗೇನು ತಿಳಿಯುತ್ತದೆ ಎಂದುಕೊಂಡು ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ ಬಾವಿಗೆ ಸುರಿದೆ. ತಿಳಿಯಾಗಿದ್ದ ನೀರು ಕೆಂಪಾಯಿತು. ನನಗೆ ದೊಡ್ಡ ಕೆಲಸ ಮುಗಿಸಿದ ಸಮಾಧಾನ. ಚಾವಡಿಯಲ್ಲಿ ಹೋಗಿ ಮಲಗಿದೆ.

ಹೆಂಗಸರ ಕೂಗಿಗೆ ಎಚ್ಚರವಾಯಿತು. "ಯವ್ವಾ, ಬಾವ್ಯಾಗ ನೆತ್ತರ ಅದ! ಯಾವನೋ ಏನೋ ಕೊಯ್ದು ಹಾಕ್ಯಾನ!" ಖಾಲಿ ಕೊಡ ಹಿಡಿದು ಎಲ್ಲರೂ ಓಡಿದರು. ನಾನು ಹಿಂದೆ ಹೋಗಿ, ಅದು ದವಾ, ಸರ್ಕಾರದ್ದು ಎಂದು ಕೂಗಿದೆ. ಸರ್ಕಾರ ಎಂದಾಗ ಹೆದರಿಕೆ ಇನ್ನೂ ಹೆಚ್ಚಾಯಿತು. ಆ ಬಾವಿಯ ನೀರು ಯಾರೂ ಮುಟ್ಟಲಿಲ್ಲ. ಎಲ್ಲರೂ ನಾಲೆಯ ನೀರಿಗೆ ಹೋದರು. ರೋಗಿಗಳ ಬಟ್ಟೆ ಒಗೆಯುತ್ತಿದ್ದದ್ದು ಅದೇ ನಾಲೆಯಲ್ಲಿ.

ಸಾಹೇಬರು ಬರುವ ಹೊತ್ತಿಗೆ ಇನ್ನೂ ಏಳು ಜನ ಸತ್ತಿದ್ದರು. ಅವರು ನನ್ನನ್ನು ಬೈಯಲಿಲ್ಲ. ಸಾವಾದ ಮನೆಗಳಲ್ಲಿ ಒಂದರ ಮುಂದೆ ಕೂತಿದ್ದ ಮುದುಕಿಯ ಹತ್ತಿರ ನನ್ನನ್ನು ಕರೆದುಕೊಂಡು ಹೋದರು. ಅವಳ ಸೊಸೆ ಹೋಗಿದ್ದಳು. ಸಾಹೇಬರು ನೆಲದ ಮೇಲೆ ಕೂತು, ಕೆಂಪು ಬಣ್ಣ ಯಾತರದು, ಅದು ಏನು ಮಾಡುತ್ತದೆ ಎಂದು ನಿಧಾನವಾಗಿ ಹೇಳಿದರು. ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಮುದುಕಿ ಎಲ್ಲವನ್ನೂ ಕೇಳಿದಳು.

"ಇಷ್ಟೇ ಏನ್ರಿ?" ಎಂದಳು. "ಈ ಮಾತು ಹಾಕೂಕಿಂತ ಮೊದಲ ಹೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ರಿ? ನಮಗ ತಿಳಿಯಂಗಿಲ್ಲ ಅಂತ ನಿಮಗ್ಯಾರು ಹೇಳ್ಯಾರ?"

ನಾನು ಅದನ್ನು ಸಾಹೇಬರಿಗೆ ಉರ್ದುವಿನಲ್ಲಿ ಹೇಳಬೇಕಾಯಿತು. ಸ್ವಲ್ಪ ಮೆತ್ತಗೆ ಮಾಡಿ ಹೇಳಿದೆ. ಅವರಿಗೆ ಅವಳ ಮುಖ ನೋಡಿಯೇ ತಿಳಿದಿತ್ತು. ತಿರುಗಿ ಬರುವಾಗ ಚಕ್ಕಡಿಯಲ್ಲಿ, "ಪುಸ್ತಕ ಅಂಗ್ರೇಜಿಯೊಳಗ ಇದ್ರೇನು, ಉರ್ದುವಿನೊಳಗ ಇದ್ರೇನು. ಆಕಿಗಿ ಎರಡೂ ಒಂದೇ" ಎಂದರು. ಮುದುಕಿಯ ಮಾತು ಅವರಿಗೆ ಬಹಳ ನೋವು ಕೊಟ್ಟಿರಬೇಕು. ಮರುದಿನದಿಂದ ಕನ್ನಡ ಕಲಿಯಲು ಶುರು ಮಾಡಿದರು. ಪುಸ್ತಕ ಹಿಡಿದು ಕಲಿಯಲಿಲ್ಲ. ರೋಗಿಗಳ ಮುಂದೆ ಕೂತು, ಕಳಮಳ ಅಂದರೇನು, ಜುಮುಜುಮು ಅಂದರೇನು, ಹೊಟ್ಟೆ ತಿರುವಿದಂಗ ಆಗುವುದು ಹ್ಯಾಂಗೆ ಎಂದು ಕೇಳಿ ಕೇಳಿ ಬರೆದುಕೊಂಡರು. ಒಂದು ವರ್ಷದಲ್ಲಿ ನನ್ನ ನೆರವು ಬೇಕಾಗಲಿಲ್ಲ. ಉಚ್ಚಾರ ಮಾತ್ರ ಕೊನೆಯವರೆಗೂ ಶಹರದ್ದೇ.

ಆ ಮೇಲೆ ಕೆಟ್ಟ ದಿನಗಳು ಬಂದವು. ಅತ್ತ ಬ್ರಿಟಿಷರು ಹೋಗಿ ಆಗಿತ್ತು. ಇತ್ತ ನಮ್ಮ ರಾಜ್ಯ ಹಿಂದೂಸ್ಥಾನಕ್ಕೆ ಸೇರುವುದೋ ಬಿಡುವುದೋ ಎಂದು ಹೈದರಾಬಾದಿನಲ್ಲಿ ಜಗ್ಗಾಟ ನಡೆದಿತ್ತು. ಊರೂರಿನಲ್ಲಿ ನಿಜಾಮರ ಪಕ್ಷದ ರಜಾಕಾರರು ಕತ್ತಿ, ಬಂದೂಕು ಹಿಡಿದು ತಿರುಗುತ್ತಿದ್ದರು. ಜನ ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿ ಕುಳಿತಿದ್ದರು, ಕೆಲವರು ಅಲ್ಲಿಂದ ಬಂದೂಕು ಹಿಡಿದು ಬಂದು ರಜಾಕಾರರ ಮೇಲೆ ಬೀಳುತ್ತಿದ್ದರು. ದವಾಖಾನೆಗೆ ಎರಡೂ ಕಡೆಯವರು ಬರುತ್ತಿದ್ದರು. ರಜಾಕಾರರ ಏಟು ತಿಂದ ರೈತರು ಬರುತ್ತಿದ್ದರು, ಗಡಿಯಾಚೆಯವರ ಗುಂಡು ತಿಂದ ರಜಾಕಾರರೂ ಬರುತ್ತಿದ್ದರು. ಸಾಹೇಬರು ಇಬ್ಬರಿಗೂ ಹೊಲಿಗೆ ಹಾಕಿದರು. ನಾನು ಇಬ್ಬರಿಗೂ ಪಟ್ಟಿ ಕಟ್ಟಿದೆ.

ಒಂದು ದಿನ ಶಿವರಾಯ ಎಂಬ ಒಕ್ಕಲಿಗನ ಹೆಣವನ್ನು ಚಕ್ಕಡಿಯಲ್ಲಿ ತಂದರು. ಮನೆಯ ಮೇಲೆ ಮೂರು ಬಣ್ಣದ ಝೇಂಡಾ ಕಟ್ಟಿದ್ದಕ್ಕೆ ಅವನನ್ನು ಹೊಡೆದಿದ್ದರು. ಜೊತೆಗೆ ಬಂದವನು ಅವನ ತಮ್ಮ ಕಲ್ಲಪ್ಪ. ಹೆಣ ಒಳಗೆ ಬರುವ ಮೊದಲೇ ಒಬ್ಬ ಅಧಿಕಾರಿ ಬಂದು ಕುರ್ಚಿ ಹಾಕಿಕೊಂಡು ಕೂತಿದ್ದ. ಎದೆ ನಿಂತು ಸತ್ತ ಎಂದು ಬರೆಯಿರಿ, ಇವತ್ತಿನ ಹವಾ ನಿಮಗೂ ಗೊತ್ತಲ್ಲ ಎಂದ. ಸಾಹೇಬರು, ಕೊಯ್ದು ನೋಡುವ ತನಕ ನನಗೆ ಏನೂ ಗೊತ್ತಿಲ್ಲ ಎಂದರು.

ಕೊಯ್ದು ನೋಡಿದರು. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ತಲೆಗೆ, ಬೆನ್ನಿಗೆ, ಪಕ್ಕೆಗೆ ಬಡಿಗೆಯ ಏಟುಗಳು. ಎಷ್ಟು, ಎಲ್ಲೆಲ್ಲಿ, ಎಷ್ಟುದ್ದ. ಎಡ ಪಕ್ಕೆಯ ಎಲುಬು ಮುರಿದು ಒಳಗಿನ ಗುಲ್ಮ ಒಡೆದಿದೆ. ಸಾವು ಹೊಡೆತದಿಂದ. ಒಂದು ಪ್ರತಿ ಕಚೇರಿಗೆ ಹೋಯಿತು, ಇನ್ನೊಂದು ನಮ್ಮ ರಜಿಸ್ಟರಿನಲ್ಲಿ ಉಳಿಯಿತು. ಅಧಿಕಾರಿ ಕಾಗದ ಓದಿ, ಸಾಹೇಬರ ಮುಖ ನೋಡಿ, ಎದ್ದು ಹೋದ.

ಹೊರಗೆ ಬೇವಿನ ಗಿಡದ ಕೆಳಗೆ ಕಲ್ಲಪ್ಪ ಕೂತಿದ್ದ. "ಏನ್ ಬರದಾರ್ರಿ ಸಾಹೇಬರು?" ಎಂದು ಕೇಳಿದ. ಹೇಳಿದರೆ ಅವನು ಊರಲ್ಲಿ ಹೇಳುತ್ತಾನೆ, ನಾನು ಹೇಳಿದೆ ಎಂದು ಆ ಅಧಿಕಾರಿಗೆ ತಿಳಿಯುತ್ತದೆ.

"ಅದು ಕಚೇರಿಗಿ ಹೋಗ್ತದಪಾ. ಹೇಳಲಾಕ ಬರಂಗಿಲ್ಲ" ಎಂದೆ.

"ಸುಳ್ಳು ಬರದಿರಬೇಕು. ಅವರವರು ಒಂದೇ" ಎಂದು ಅವನು ಅಣ್ಣನ ಹೆಣವನ್ನು ಚಕ್ಕಡಿಗೆ ಏರಿಸಿಕೊಂಡು ಹೋದ. ನಾನು ಅವನನ್ನು ತಡೆಯಲಿಲ್ಲ.

ಭಾದ್ರಪದದಲ್ಲಿ ಹಿಂದೂಸ್ಥಾನದ ಫೌಜು ಬಂತು. ಆಕಾಶದಲ್ಲಿ ವಿಮಾನ, ಸೊಲ್ಲಾಪುರದ ರಸ್ತೆಯ ಮೇಲೆ ಟ್ಯಾಂಕು. ಐದೇ ದಿನದಲ್ಲಿ ಎಲ್ಲ ಮುಗಿಯಿತು. ಪೊಲೀಸ್ ಕಾರ್ಯಾಚರಣೆ ಎಂದು ಇದನ್ನು ಪುಸ್ತಕದಲ್ಲಿ ಓದುತ್ತೀರಿ. ನನ್ನ ಅಪ್ಪ ಅಂಗಡಿಯ ಮುಂದೆ ಸಕ್ಕರೆ ಹಂಚಿದನಂತೆ. ನನಗೂ ಸಂತೋಷವಾಗಿತ್ತು, ಸುಳ್ಳು ಹೇಳುವುದಿಲ್ಲ. ರಜಾಕಾರರು ಕತ್ತಿ ಎಸೆದು ಓಡಿದರು. ಓಡಲಾರದೆ ಉಳಿದವರು ಏನೂ ಮಾಡದ ಬಡ ಮುಸಲ್ಮಾನರು. ಮುಂದಿನ ದಿನಗಳಲ್ಲಿ ಸೇಡಿನ ಕೈಗೆ ಸಿಕ್ಕವರು ಅವರೇ.

ಒಂದು ಮಧ್ಯಾಹ್ನ ದವಾಖಾನೆಯ ಒಳಕೋಣೆಯಲ್ಲಿ ಸಾಹೇಬರು ಕಠಿಣವಾದ ಹೆರಿಗೆಯೊಂದನ್ನು ಮಾಡಿಸುತ್ತಿದ್ದರು. ಪಕ್ಕದ ಹಳ್ಳಿಯ ಗಾಣಿಗರ ಹೆಣ್ಣುಮಗಳು. ಬೀದಿಯಲ್ಲಿ ಗದ್ದಲ ಕೇಳಿ ನಾನು ಬಾಗಿಲಿಗೆ ಬಂದೆ. ಮೂವತ್ತು ನಲವತ್ತು ಜನ. ಕೊಡಲಿ, ಬಡಿಗೆ, ಕುಡುಗೋಲು. ಮುಂದೆ ನಿಂತವನ ಬಲಗೈ ಸ್ವಲ್ಪ ಸೊಟ್ಟಗಿತ್ತು. ಅದು ಮುರಿದಾಗ ಹಲಗೆ ಕಟ್ಟಿದವನು ನಾನೇ.

"ಡಾಕ್ಟರ್ ಎಲ್ಲಿದಾನ?" ಎಂದ.

ನನ್ನ ಹಣೆಯ ಮೇಲೆ ವಿಭೂತಿ ಇತ್ತು, ಕೊರಳಲ್ಲಿ ಲಿಂಗ. ಅದೊಂದೇ ಧೈರ್ಯ. "ಒಳಗ ಹೆರಿಗಿ ನಡದದ. ನಮ್ಮ ಹೆಣ್ಮಗಳು. ಕೂಸು ಅರ್ಧ ಹೊರಗ ಬಂದದ. ಈಗ ಒಳಗ ಹೋದ್ರ ಇಬ್ಬರೂ ಸಾಯ್ತಾರ. ಆ ಪಾಪ ನಿಮಗ ಬೇಕೇನ್ರಿ?" ಎಂದೆ. ಅದೇ ಹೊತ್ತಿಗೆ ಒಳಗಿನಿಂದ ಅವಳು ಚೀರಿದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೊಟ್ಟ ಕೈಯವನು ಉಗುಳಿ ಹಿಂದಕ್ಕೆ ತಿರುಗಿದ.

ಅಷ್ಟರಲ್ಲಿ ಇಮಾಮಸಾಬ್ ಬಾವಿಯ ಕಡೆಯಿಂದ ಎರಡು ಕೊಡ ನೀರು ಹಿಡಿದು ಬರುತ್ತಿದ್ದ. ಅವನಿಗೆ ಕಣ್ಣು ಮಂಜು. ಇವರು ರೋಗಿಗಳ ಕಡೆಯವರು ಎಂದು ತಿಳಿದನೋ ಏನೋ, "ಏ, ಬಾಗಲಾ ಬಿಡ್ರೋ, ಇದೇನು ಸಂತ್ಯಾ?" ಎಂದು ಯಾವಾಗಿನಂತೆ ಬೈದ. ಓಡು ಎಂದು ನಾನು ಕೂಗಬಹುದಿತ್ತು. ಕೂಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅವರು ಅವನನ್ನು ಅಂಗಳದಲ್ಲೇ ಕೆಡವಿದರು.

ಸಾಹೇಬರು ಹೊರಗೆ ಬಂದಾಗ ಜನ ಹೋಗಿದ್ದರು. ಅವರ ಕೈ ಇನ್ನೂ ಹೆರಿಗೆಯ ನೆತ್ತರಿನಲ್ಲಿ ಒದ್ದೆಯಾಗಿತ್ತು. ಇಮಾಮಸಾಬನನ್ನು ಪಡಸಾಲೆಗೆ ಎಳೆದುಕೊಂಡು ಹೊಲಿಯಲು ಕೂತರು. ಸೂಜಿಗೆ ದಾರ ಹಾಕು, ದಾರ ಹಾಕು ಎನ್ನುತ್ತಿದ್ದರು. ಮುದುಕನ ಉಸಿರು ನಿಂತು ಹೋಗಿದೆ ಎಂದು ನಾನು ಹೇಳಿದೆ. ಆದರೂ ನಾಲ್ಕು ಹೊಲಿಗೆ ಹಾಕಿದರು. ಒಳಗೆ ಕೂಸು ಅಳುತ್ತಿತ್ತು.

ವಾರದ ಮೇಲೆ ಫೌಜಿನವರು ನನ್ನನ್ನು ಟ್ರಕ್ಕಿನಲ್ಲಿ ಕೂಡಿಸಿಕೊಂಡು ಹಳ್ಳಿಗಳಿಗೆ ಒಯ್ದರು. ಬಾವಿಗಳಿಗೆ ಪೊಟ್ಯಾಷ್ ಹಾಕುವ ಕೆಲಸ. ಯಾವ ಊರು ಎಂದು ಬರೆಯುವುದಿಲ್ಲ, ಅಲ್ಲಿ ಈಗಲೂ ಜನ ಇದ್ದಾರೆ. ಹಿಂಡು ಹಿಂಡಾಗಿ ಹೆಂಗಸರು ಹಾರಿದ ಬಾವಿ ಒಂದು. ಗಂಡಸರನ್ನು ಎಸೆದದ್ದು ಇನ್ನೊಂದು. ಸಿಪಾಯಿಗಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೆಣ ತೆಗೆದರು. ತೆಗೆದು ಮುಗಿದ ಮೇಲೆ ನಾನು ಬಕೆಟ್ಟಿನಲ್ಲಿ ಪುಡಿ ಕದಡಿ ಸುರಿದೆ. ಈ ಸಲ ಊರಿನವರನ್ನು ಕೇಳೋಣ ಎಂದು ಹುಡುಕಿದೆ. ಎಲ್ಲ ಬಾಗಿಲು ಹಾಕಿದ್ದವು. ಒಂದು ಮನೆಯ ಒಳಗಿನಿಂದ ಒಬ್ಬ ಹೆಂಗಸು ಬಾಗಿಲು ತೆರೆಯದೆಯೇ, "ಹಾಕ್ರಿ, ಹಾಕಿ ಹೋಗ್ರಿ" ಎಂದಳು.

ಸರ್ಕಾರ ಬದಲಾಯಿತು. ಹಳೆಯ ನೌಕರರ ಮೇಲೆ ವಿಚಾರಣೆಗಳು ನಡೆದವು. ಸಾಹೇಬರ ಮೇಲೂ ದೂರು ಬಂತು. ರಜಾಕಾರರ ಜೊತೆಗಿದ್ದರು, ಅವರ ಗಾಯಕ್ಕೆ ಔಷಧ ಕೊಟ್ಟರು, ಸುಳ್ಳು ಕಾಗದ ಬರೆದರು ಎಂದು. ಬೀದರಿನಲ್ಲಿ ಒಂದು ಕೋಣೆಯಲ್ಲಿ ಸಾಕ್ಷಿ ತೆಗೆದುಕೊಂಡರು. ಹೊರಗಿನಿಂದ ಬಂದ ಅಧಿಕಾರಿಗೆ ಇಂಗ್ಲಿಷ್ ಮಾತ್ರ ಗೊತ್ತು. ಅವನ ಪಕ್ಕದಲ್ಲಿ ಧಾರವಾಡದ ಕಡೆಯ ಒಬ್ಬ ಗುಮಾಸ್ತ ಕೂತು ಕನ್ನಡ ಮಾಡಿ ಹೇಳುತ್ತಿದ್ದ. ಇಬ್ಬರಿಗೂ ಉರ್ದು ಬಾರದು. ಮೇಜಿನ ಮೇಲೆ ನಮ್ಮ ದವಾಖಾನೆಯ ರಜಿಸ್ಟರ್ ಇತ್ತು. ಸಾಹೇಬರು ಗೋಡೆಗೆ ಒರಗಿ ನಿಂತಿದ್ದರು. ಕಲ್ಲಪ್ಪ ಎದುರಿನ ಬೆಂಚಿನ ಮೇಲೆ.

"ನಮ್ಮಣ್ಣನ ಹೆಣ ಕೊಯ್ದು ಸುಳ್ಳ ಬರದಾನ್ರಿ ಇಂವಾ" ಎಂದು ಕಲ್ಲಪ್ಪ ಹೇಳಿದ. ಹೇಳುವಾಗ ಅತ್ತ.

"ನಾ ಬರದದ್ದು ಅದರಾಗ ಅದ. ಓದಿಸ್ರಿ" ಎಂದರು ಸಾಹೇಬರು, ಕನ್ನಡದಲ್ಲಿ.

ಅಧಿಕಾರಿ ರಜಿಸ್ಟರನ್ನು ತಿರುವಿ ಹಾಕಿ, ನನ್ನ ಕಡೆ ನೋಡಿ ಏನೋ ಕೇಳಿದ. ಗುಮಾಸ್ತ ಹೇಳಿದ: "ರಜಾಕಾರರ ಗಾಯಕ್ಕೆ ಇವರು ಔಷಧ ಮಾಡಿದ್ದಾರೆಯೇ? ಹೌದೋ ಅಲ್ಲವೋ ಹೇಳಿ."

"ಹೌದ್ರಿ" ಎಂದೆ. ಎಲ್ಲರಿಗೂ ಮಾಡಿದ್ದಾರೆ ಎನ್ನಲಿಲ್ಲ.

"ಈ ಪುಟ ನಿಮಗೆ ಓದಲು ಬರುತ್ತದೆಯೇ?"

ಅದು ನನ್ನದೇ ಕೈಬರಹ. ಪೇಟೆಯಲ್ಲಿ ಆಗಲೇ ನನ್ನನ್ನು ಸಾಹೇಬನ ಚೇಲಾ ಎಂದು ಕೆಲವರು ಕರೆಯಲು ಶುರು ಮಾಡಿದ್ದರು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಓದಿದರೆ, ಹಂಗಾದರೆ ಅವತ್ತು ಯಾಕ ಹೇಳಲಿಲ್ಲ ಎಂದು ಕಲ್ಲಪ್ಪ ಕೇಳುತ್ತಾನೆ. ಇಷ್ಟೆಲ್ಲ ಒಂದು ಕ್ಷಣದಲ್ಲಿ ತಲೆಗೆ ಬಂತು.

"ಡಾಕ್ಟರ್ ಮಂದಿ ಭಾಷಾ ರಿ ಅದು. ನನಗ ಪೂರಾ ತಿಳಿಯಂಗಿಲ್ಲ" ಎಂದೆ.

ಸಾಹೇಬರು ನನ್ನನ್ನು ಒಮ್ಮೆ ನೋಡಿದರು. ಸಿಟ್ಟಿನಿಂದ ನೋಡಿದ್ದರೆ ನನಗೆ ಹಗುರಾಗುತ್ತಿತ್ತು. ರೋಗಿಯ ನಾಲಿಗೆ ನೋಡುವಾಗ ನೋಡುತ್ತಾರಲ್ಲ, ಹಾಗೆ ನೋಡಿದರು. ಅಧಿಕಾರಿ ರಜಿಸ್ಟರ್ ಮುಚ್ಚಿ ಬದಿಗಿಟ್ಟ. ತಿಂಗಳೊಳಗೆ ಸಾಹೇಬರನ್ನು ನೌಕರಿಯಿಂದ ತೆಗೆದರು. ಒಂದು ಪೆಟ್ಟಿಗೆ ಪುಸ್ತಕ ತೆಗೆದುಕೊಂಡು ಹೈದರಾಬಾದಿನ ಗಾಡಿ ಹತ್ತಿದರು ಎಂದು ಕೇಳಿದೆ. ಭಾಲ್ಕಿ ಸ್ಟೇಷನ್ ದವಾಖಾನೆಯಿಂದ ದೂರವಿಲ್ಲ. ನಾನು ಹೋಗಲಿಲ್ಲ.

ನನ್ನ ನೌಕರಿ ಕಾಯಂ ಆಯಿತು. ಔರಾದಿಗೆ ವರ್ಗವಾಯಿತು. ಅಲ್ಲಿಗೆ ಮುಂಬೈ ಕಡೆಯ ತರುಣ ಡಾಕ್ಟರೊಬ್ಬರು ಬಂದರು. ಕೆಲಸಗಾರರು, ಮನುಷ್ಯ ಕೆಟ್ಟವರಲ್ಲ. ಕಪಾಟು ತೆರೆದು ಉರ್ದು ಚೀಟಿಗಳನ್ನು ನೋಡಿ ತಲೆ ಹಿಡಿದುಕೊಂಡರು. ಎಂಟು ದಿನದಲ್ಲಿ ಎಲ್ಲವೂ ಇಂಗ್ಲಿಷಿಗೆ ಬರಬೇಕು ಎಂದರು. ನನ್ನ ಇಂಗ್ಲಿಷ್ ಆಗ ಅಕ್ಷರ ಕೂಡಿಸಿ ಓದುವಷ್ಟೇ. ಬಾರದು ಎನ್ನಲು ನಾಚಿಕೆ. ಬರುತ್ತದೆ ರಿ ಎಂದೆ. ಓದಲು ಬರುವ ಪುಟವನ್ನು ಬಾರದು ಎಂದವನು, ಬಾರದ ಭಾಷೆಯನ್ನು ಬರುತ್ತದೆ ಎಂದೆ.

ಹಳೆಯ ಚೀಟಿ ಬಿಡಿಸಲು ಹತ್ತಾರು ಬಾಟಲಿಗಳನ್ನು ಒಂದೇ ಗಂಗಾಳದ ನೀರಿನಲ್ಲಿ ನೆನೆಸಿಟ್ಟೆ. ಚೀಟಿಗಳು ಒಟ್ಟಿಗೆ ಕಳಚಿ ನೀರಿನ ಮೇಲೆ ತೇಲಿದವು. ಯಾವ ಬಾಟಲಿಯದು ಯಾವುದು ಎಂದು ಕೆಲವು ಬಣ್ಣದಿಂದ ತಿಳಿಯಿತು, ಕೆಲವು ವಾಸನೆಯಿಂದ. ಕಣ್ಣಿಗೆ ಹಾಕುವ ಆರ್ಗಿರಾಲ್ ಕಂದು ಬಣ್ಣ. ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಸಹ ಕಂದು. ಮೂಸಿ ನೋಡಿದರೆ ಕೂಸಿಗೂ ತಿಳಿಯುವ ವ್ಯತ್ಯಾಸ. ನನಗೆ ಆ ವಾರ ನೆಗಡಿಯಾಗಿ ಮೂಗು ಕಟ್ಟಿತ್ತು. ಕಟ್ಟಿದೆ ಎಂದು ಗೊತ್ತಿದ್ದೂ ಅಂದಾಜಿನ ಮೇಲೆ ಚೀಟಿ ಅಂಟಿಸಿದೆ.

ಮೂರನೆಯ ದಿನ ದರ್ಜಿ ಮಾಣಿಕಪ್ಪ ಕೆಂಪಗಾದ ಕಣ್ಣು ಹಿಡಿದುಕೊಂಡು ಬಂದ. ಔರಾದ ಪೇಟೆಯಲ್ಲಿ ಹೊಲಿಗೆ ಮಿಷಿನ್ ಇಟ್ಟವರಲ್ಲಿ ಅವನು ಮೊದಲಿಗ. ಡಾಕ್ಟರು ಆರ್ಗಿರಾಲ್ ಹಾಕು ಎಂದರು. ನಾನು ಎಡಗಣ್ಣಿಗೆ ಎರಡು ಹನಿ ಬಿಟ್ಟೆ. ಅವನು ಕುರ್ಚಿಯಿಂದ ಕೆಳಗೆ ಬಿದ್ದು ಹೊರಳಾಡಿದ. ನೀರು ಹಾಕಿ ತೊಳೆದೆವು, ಎಷ್ಟೋ ಕೊಡ ನೀರು. ಎಂಟು ದಿನದಲ್ಲಿ ಆ ಕಣ್ಣಿನ ಮೇಲೆ ಬಿಳಿ ಪೊರೆ ನಿಂತಿತು.

ಡಾಕ್ಟರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ರೋಗವೇ ಹೆಚ್ಚಾಯಿತು ಎಂದು ಬರೆಯೋಣ, ನಿಮಗೂ ಸಂಸಾರವಿದೆ ಎಂದರು. ನಾನು ತಲೆಯಾಡಿಸಿದೆ. ಹಾಗೇ ಬರೆದರು. ಅವತ್ತಿನಿಂದ ನನಗೆ ಊಟ ಸೇರಲಿಲ್ಲ. ಮಾಣಿಕಪ್ಪನ ಅಂಗಡಿಯ ಮುಂದೆ ಹಾದರೆ ಅವನು ತಲೆ ಓರೆ ಮಾಡಿ ಬಟ್ಟೆ ಹಿಡಿದು ಕೂತಿರುತ್ತಿದ್ದ. ಹೈದರಾಬಾದಿನ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ, ನಡೆ ಎಂದೆ. ನನಗೆ ಯಾಕಿಷ್ಟು ಕಾಳಜಿ ಎಂದು ಅವನಿಗೆ ಆಶ್ಚರ್ಯ.

ಅಲ್ಲಿನ ದೊಡ್ಡ ಡಾಕ್ಟರು ದೀಪ ಬಿಟ್ಟು ನೋಡಿ, ಇದು ಸುಟ್ಟ ಕಣ್ಣು, ಇದಕ್ಕೆ ಏನೂ ಮಾಡಲು ಬರುವುದಿಲ್ಲ ಎಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಬಂದು ಕೂತೆವು.

"ಸುಟ್ಟದ ಅಂದ್ರಲಾ, ಹ್ಯಾಂಗ ಸುಟ್ತು?" ಎಂದು ಮಾಣಿಕಪ್ಪ ಕೇಳಿದ.

ನಾನು ಹೇಳಿದೆ. ಚೀಟಿ, ಗಂಗಾಳ, ನೆಗಡಿ, ಆಮೇಲೆ ಬರೆದ ಸುಳ್ಳು, ಎಲ್ಲ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೂ ನಾನು ಕೈ ಅಡ್ಡ ಮಾಡುತ್ತಿರಲಿಲ್ಲ.

"ಸೂಜಿ ಪೋಣಿಸಲಾಕ ಒಂದು ಕಣ್ಣು ಸಾಕು" ಎಂದ ಮಾಣಿಕಪ್ಪ. "ಆದ್ರ ಇನ್ನ ನನ್ನ ಮನಿ ಮಂದಿಗಿ ಯಾರಿಗೂ ನೀ ದವಾ ಕೊಡಬ್ಯಾಡ. ಬ್ಯಾರೆಯವರ ಕಡಿಂದ ಕೊಡಸು." ಆಮೇಲೆ ಎದ್ದು, ತನ್ನ ನೆಂಟರ ಮನೆಗೆ ಒಬ್ಬನೇ ಹೋಗುತ್ತೇನೆ ಎಂದು ರಸ್ತೆ ದಾಟಿದ. ಎಡಗಡೆಯಿಂದ ಬಂದ ಜಟಕಾ ಅವನಿಗೆ ಕಾಣಲಿಲ್ಲ. ಜಟಕಾದವನು ಬೈದು ಲಗಾಮು ಜಗ್ಗಿ ನಿಲ್ಲಿಸಿದ. ನಾನು ನಿಂತಲ್ಲೇ ಕಣ್ಣು ಮುಚ್ಚಿಕೊಂಡಿದ್ದೆ.

ಒಬ್ಬನಿಗೆ ಹೇಳಿ ಆಗಿತ್ತು. ಇನ್ನೊಬ್ಬರು ಅದೇ ಶಹರದಲ್ಲಿದ್ದರು. ಹಳೆಯ ಪೇಟೆಯಲ್ಲಿ ಕೇಳುತ್ತ ಕೇಳುತ್ತ ಹೋದೆ. ಒಂದು ಓಣಿಯ ಕೊನೆಗೆ ಚಿಕ್ಕ ಕೋಣೆ, ಹೊರಗೆ ಒಂದು ಬೆಂಚು, ಬೆಂಚಿನ ಮೇಲೆ ಬಡವರು. ಒಳಗೆ ಡಾಕ್ಟರ್ ವಹೀದುದ್ದೀನ್ ಸಾಹೇಬರು. ಗಡ್ಡ ಬೆಳ್ಳಗಾಗಿತ್ತು, ಶೇರ್ವಾನಿಯ ತೋಳು ಮೊದಲಿನಂತೆಯೇ ಮಡಚಿತ್ತು. ನಾನು ಬೆಂಚಿನ ಕೊನೆಗೆ ಕೂತೆ. ಸರದಿ ಬಂದಾಗ ಒಳಗೆ ಹೋಗಿ, ಆದಾಬ್ ಮಾಡಿ, ಉರ್ದುವಿನಲ್ಲಿ ಮಾತು ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು.

"ಹೆಸರು?" ಎಂದು ಕನ್ನಡದಲ್ಲಿ ಕೇಳಿದರು.

"ವೈಜಿನಾಥ ರಿ."

ಬರೆದುಕೊಂಡರು. "ಊರು?"

"ಮನ್ನಳ್ಳಿ ರಿ."

ಅದನ್ನೂ ಬರೆದುಕೊಂಡರು. ನಾಡಿ ಹಿಡಿದು ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಕೈ ಬೆಚ್ಚಗಿತ್ತು. "ಏನ್ ತ್ರಾಸ ಅದ?"

"ಸಾಹೇಬ್, ಆ ಪುಟ ನನಗ ಓದಲಾಕ ಬರ್ತಿತ್ರಿ" ಎಂದೆ.

ಅವರು ಬರೆಯುತ್ತಿದ್ದ ಚೀಟಿಯ ಮೇಲೆ ಒಂದು ಗೆರೆ ಎಳೆದು ಬದಿಗಿಟ್ಟರು.

"ಗೊತ್ತದ" ಎಂದರು. "ಕಲಿಸಿದಾಂವ ನಾನೇ ಅಲ್ಲಾ."

ಆಮೇಲೆ ಬಾಗಿಲ ಕಡೆ ನೋಡಿ ಮುಂದಿನವರನ್ನು ಕರೆದರು. ಕೂಸನ್ನು ಎತ್ತಿಕೊಂಡ ಒಬ್ಬ ಹೆಂಗಸು ಒಳಗೆ ಬಂದಳು. ನಾನು ಎದ್ದು ಅವಳಿಗೆ ಸ್ಟೂಲು ಬಿಟ್ಟುಕೊಟ್ಟೆ.